ಹಳೆಯ ತೊಗಲು, ಹೊಸ ವಸ್ತು: ನೆನಪು ಅಗಲಿಕೆಗಳ ವಿನ್ಯಾಸವನ್ನು ಕುರಿತು ಕೆಲವು ವಿಚಾರಗಳು
(ರೋಣ, ನರಗುಂದ, ಗಜೇಂದ್ರಗಡ ಪ್ರದೇಶವನ್ನು ಅನುಲಕ್ಷಿಸಿ)

೧. ವಿಷಯ ಪ್ರವೇಶ

ಮನುಷ್ಯನು ದಿನನಿತ್ಯ ಬಳಸುವ ವಸ್ತುಗಳಲ್ಲಿ ತೊಗಲಿನ ವಸ್ತುಗಳಿಗೆ ಒಂದು ವಿಶೇಷ ಗುಣವುಂಟು. ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತೊಗಲಾದರೋ ತನ್ನನ್ನು ಬಳಸಿದವರ ಮೈಕಟ್ಟನ್ನು ತಾಳುತ್ತ ಹಳತಾಗುತ್ತದೆ. ಬಹುಕಾಲ ಮೆಟ್ಟಿದ ಕೆರವಿನ ಅಟ್ಟೆಯಲ್ಲಿ ಬೆರಳುಗಳ ಗುಳಿ ಮೂಡಿರುತ್ತವೆ. ಬಾರುಕೋಲಿನ ಹಿಡಿಯಲ್ಲಿ ಮುಷ್ಟಿಯ ಒತ್ತು ಉಳಿದಿರುತ್ತದೆ. ಎತ್ತಿನ ಕೊರಳಪಟ್ಟಿಯ ಒಳಮೈ ಬೆವರು ಕುಡಿದು ಕಪ್ಪೇರಿ ನುಣುಪಾಗಿರುತ್ತದೆ. ಬಳಸಿದವನು ಇಲ್ಲವಾದ ಮೇಲೆಯೂ ಈ ಗುರುತುಗಳು ಇರುತ್ತವೆ. ಆದುದರಿಂದಲೇ ಮನೆಯ ಅಟ್ಟದಲ್ಲಿಯೋ ದನದ ಕೊಟ್ಟಿಗೆಯ ಗೂಟದಲ್ಲಿಯೋ ಉಳಿದಿರುವ ಒಂದು ತೊಗಲಿನ ತುಂಡು ನೆನಪಿನ ವಸ್ತುವಾಗಿ ಮನಸ್ಸನ್ನು ಹಿಡಿದು ನಿಲ್ಲಿಸಬಲ್ಲುದು.

ಇಂತಹ ಹಳೆಯ ತೊಗಲನ್ನು ಚೀಲ, ನಡುಪಟ್ಟಿ, ಪುಸ್ತಕದ ಹೊದಿಕೆ, ಬೀಗದ ಕೈಯ ಗೊಂಚಲು ಮೊದಲಾದ ಕೈಬಳಕೆಯ ವಸ್ತುಗಳನ್ನಾಗಿ ಮಾರ್ಪಡಿಸುವ ಒಂದು ವಿನ್ಯಾಸಕ್ರಮವು ಈಚಿನ ವರ್ಷಗಳಲ್ಲಿ ನಾನಾ ದೇಶಗಳ ವಿನ್ಯಾಸ ಶಾಲೆಗಳಲ್ಲಿ ಬೆಳೆದುಬಂದಿದೆ. ಹಳೆಯ ವಸ್ತುವನ್ನು ಕರಗಿಸಿ ಅಥವಾ ಪುಡಿಮಾಡಿ ಮತ್ತೆ ಕಚ್ಚಾಮಾಲನ್ನಾಗಿಸುವುದು ಒಂದು ಬಗೆ. ಹಳೆಯದರ ರೂಪವನ್ನೂ ಗುರುತುಗಳನ್ನೂ ಉಳಿಸಿಕೊಂಡು ಹಿಂದಿನದಕ್ಕಿಂತ ಮೇಲಾದ ಬೆಲೆಯ ವಸ್ತುವನ್ನಾಗಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ಮರುಬಳಕೆಯೆಂದೂ ಎರಡನೆಯದನ್ನು ಪುನರ್ವಿನಿಯೋಗವೆಂದೂ ನಾವು ಇಲ್ಲಿ ಕರೆಯುತ್ತೇವೆ. ನೆನಪು ಮತ್ತು ಅಗಲಿಕೆಯನ್ನು ವಸ್ತುವಿನ ಮೂಲಕ ಹೇಳಬೇಕೆನ್ನುವವರಿಗೆ ಬೇಕಾದುದು ಈ ಎರಡನೆಯದು.

ಪ್ರಕೃತ ಲೇಖನದ ಉದ್ದೇಶ ಎರಡು ತೆರನಾದುದು. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಬೇಸಾಯದ ಬದುಕಿನಲ್ಲಿ ತೊಗಲು ಹೇಗೆ ಬಳಕೆಯಾಗುತ್ತಿದ್ದಿತು, ಅದರಿಂದ ಇಂದು ಏನನ್ನು ಹೇಗೆ ಮಾಡಬಹುದು ಎಂಬುದನ್ನು ವಿವರಿಸುವುದು ಮೊದಲನೆಯದು. ತೊಗಲಿನಲ್ಲಿರುವ ನೆನಪು ಯಾರದು ಎಂಬ ಪ್ರಶ್ನೆಯನ್ನು ಎತ್ತುವುದು ಎರಡನೆಯದು. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳದೆ ಮಾಡಿದ ವಿನ್ಯಾಸವು ಎಷ್ಟೇ ಅಂದವಾಗಿದ್ದರೂ ಅರ್ಧಸತ್ಯವಾಗುವುದೆಂದು ನಮ್ಮ ಅಭಿಪ್ರಾಯ.

೨. ಪ್ರದೇಶ ಮತ್ತು ಅಲ್ಲಿಯ ತೊಗಲು

ಈ ಮೂರೂ ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ನೆಲ. ಗಜೇಂದ್ರಗಡವು ಈಚೆಗೆ ರೋಣದಿಂದ ಬೇರ್ಪಟ್ಟು ತಾಲೂಕಾಯಿತು. ನರಗುಂದದ ಗುಡ್ಡವನ್ನು ಬಿಟ್ಟರೆ ಪಶ್ಚಿಮದ ಭಾಗವೆಲ್ಲ ಎರೆಯ ಬಯಲು. ಪೂರ್ವಕ್ಕೆ ಹೋದಂತೆ ಗಜೇಂದ್ರಗಡದ ಗುಡ್ಡಸಾಲು, ಅದರ ಅಡಿಯಲ್ಲಿ ಮಸಾರಿ ನೆಲ. ಎರೆಭೂಮಿಯ ಬೇಸಾಯವು ಮಳೆಯನ್ನೂ ಎತ್ತುಗಳನ್ನೂ ನೆಚ್ಚಿದ್ದಿತು. ಅಲ್ಲಿ ತೊಗಲು ಮುಖ್ಯವಾಗಿ ಎತ್ತಿನ ಸಲಕರಣೆಯ ರೂಪದಲ್ಲಿ ಕಾಣುತ್ತಿತ್ತು: ನೊಗಕ್ಕೆ ಎತ್ತಿನ ಕೊರಳನ್ನು ಬಿಗಿಯುವ ಜತಿಗೆ, ಕುಂಟೆ ಕೂರಿಗೆಗಳನ್ನು ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲು, ಕಾರಹುಣ್ಣಿವೆಯಂದು ಎತ್ತುಗಳನ್ನು ಸಿಂಗರಿಸುವ ಗೆಜ್ಜೆಯ ಕೊರಳಪಟ್ಟಿ. ಬಾವಿಯ ನೀರು ಒದಗುವ ಕಡೆಗಳಲ್ಲಿ ಇನ್ನೊಂದು ದೊಡ್ಡ ವಸ್ತು ಸೇರುತ್ತಿತ್ತು. ಅದೇ ಮೊಟ್ಟೆ, ಕಪಿಲೆಯ ಬಾನಿಯೆಂದು ಬೇರೆ ಕಡೆಗಳಲ್ಲಿ ಕರೆಯುವ, ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಾಗ ಬಾವಿಯಿಂದ ನೀರನ್ನು ಹೊತ್ತು ಮೇಲೆ ಬರುವ ತೊಗಲ ಚೀಲ. ಇವುಗಳ ಜೊತೆಗೆ ಮನೆಮಂದಿಯ ಕೆರವುಗಳು. ಹಬ್ಬ ಜಾತ್ರೆಗಳಲ್ಲಿ, ಮದುವೆ ಮರಣಗಳಲ್ಲಿ ಬಾರಿಸುವ ಹಲಗೆ.

ಈ ಸಲಕರಣೆಗಳಲ್ಲಿ ಬಹುಪಾಲು ಒಂದು ತಲೆಮಾರಿನೊಳಗೆ ಬಳಕೆಯಿಂದ ಜಾರಿದವು. ಡೀಸಲ್ ಮತ್ತು ವಿದ್ಯುತ್ ಪಂಪುಗಳು ಬಂದ ಮೇಲೆ ಮೊಟ್ಟೆ ನಿಂತಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ, ೧೯೭೦ರ ದಶಕದಿಂದ ನರಗುಂದ ರೋಣಗಳ ಎರೆಭೂಮಿಗೆ ಕಾಲುವೆಗಳು ಬಂದವು. ಬೆಳೆಯೂ ದುಡಿಮೆಯ ಕ್ರಮವೂ ಬದಲಾದವು. ಈ ಬದಲಾವಣೆ ನೋವಿಲ್ಲದೆ ಬಂದುದಲ್ಲವೆಂಬುದಕ್ಕೆ ಅಭಿವೃದ್ಧಿ ಕರದ ವಿರುದ್ಧ ೧೯೮೦ರ ಜುಲೈ ತಿಂಗಳಿನಲ್ಲಿ ನರಗುಂದ ನವಲಗುಂದಗಳಲ್ಲಿ ನಡೆದ ರೈತರ ಬಂಡಾಯವೇ ಸಾಕ್ಷಿ. ಆ ಬಳಿಕ ಟ್ರ್ಯಾಕ್ಟರು ಹೆಚ್ಚಿದಂತೆ ಎತ್ತಿನ ಜೋಡಿಗಳು ಕಡಿಮೆಯಾದವು. ಜತಿಗೆಯನ್ನು ಹತ್ತಿಯ ಪಟ್ಟಿ, ಮಿಣಿಯನ್ನು ನೈಲಾನಿನ ಹಗ್ಗ, ಕೆರವನ್ನು ರಬ್ಬರು ಮತ್ತು ಪ್ಲಾಸ್ಟಿಕ್ಕಿನ ಚಪ್ಪಲಿ ಹಿಂದೆ ಸರಿಸಿದವು. ಹೊಸ ತೊಗಲಿನ ಪೂರೈಕೆಯ ದಾರಿಯೂ ಬದಲಾಗಿದೆ. ೨೦೨೧ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಶಾಸನದಂತೆ ೧೩ ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿಯುಂಟು. ಹೀಗಾಗಿ ಈ ಭಾಗದಲ್ಲಿ ತೊಗಲನ್ನು ಕುರಿತು ಮಾತನಾಡುವುದೆಂದರೆ ಬಹುಮಟ್ಟಿಗೆ ಉಳಿದುದನ್ನು ಕುರಿತು ಮಾತನಾಡುವುದೇ ಆಗಿದೆ.

೩. ತೊಗಲು ಹಳತಾಗುವ ಬಗೆ

ವಿನ್ಯಾಸಕ್ಕೆ ಕೈಹಾಕುವ ಮೊದಲು ಈ ವಸ್ತುವಿನ ಸ್ವಭಾವವನ್ನು ತಿಳಿಯುವುದು ಅವಶ್ಯ. ಹಸಿತೊಗಲು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಅದನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಸೆಡೆಯುತ್ತದೆ. ಗಿಡಮರಗಳ ಒಗರು, ಎಂದರೆ ಟ್ಯಾನಿನ್, ಈ ನಾರುಗಳಿಗೆ ಅಂಟಿಕೊಂಡಾಗ ತೊಗಲು ಕೊಳೆಯದ, ಮಣಿಯುವ ಚರ್ಮವಾಗುತ್ತದೆ. ನಮ್ಮ ನಾಡಿನ ಹಳೆಯ ಕ್ರಮದಲ್ಲಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲನ್ನೂ ಒಳಗಿನ ಮಾಂಸದ ಪದರನ್ನೂ ಹೆರೆದು ತೆಗೆದು, ಚೆನ್ನಾಗಿ ತೊಳೆದು, ತಂಗಡಿಯ ಅಥವಾ ಜಾಲಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳ ಕಷಾಯದಲ್ಲಿ ಹದಮಾಡುತ್ತಿದ್ದರು. ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ತೊಗಟೆಯನ್ನೂ ಕಷಾಯವನ್ನೂ ತುಂಬಿ, ಅದು ನಾರುಗಳ ನಡುವೆ ಜಿನುಗಿ ಇಳಿಯುವಂತೆ ಮಾಡುವ ಪದ್ಧತಿಯೂ ಇದ್ದಿತು. ಇದು ದಿನಗಟ್ಟಲೆ ಹಿಡಿಯುವ, ಮೈಮುರಿಯುವ, ದುರ್ಗಂಧದ ನಡುವೆ ನಡೆಯುವ ಕೆಲಸ.

ಕ್ರೋಮಿಯಂ ಲವಣಗಳಿಂದ ಹದಮಾಡುವ ಆಧುನಿಕ ಕ್ರಮವು ೧೯ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದಿತು. ೨೦ನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಅದರ ಪ್ರಯೋಗಗಳನ್ನು ನಡೆಯಿಸಿದವರು, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದ ಆಲ್ಫ್ರೆಡ್ ಚಾಟರ್‌ಟನ್ನರು. ಆ ಕ್ರೋಮ್ ಚರ್ಮವನ್ನು ಬಾವಿಯ ತೊಗಲ ಬಾನಿಗಳಿಗೂ ಬಳಸಿ ನೋಡಿದರೆಂಬುದು ಪ್ರಕೃತ ವಿಷಯಕ್ಕೆ ಗಮನಾರ್ಹ. ರೈತನ ಮೊಟ್ಟೆಯೂ ಆ ಕಾಲದ ರಸಾಯನಶಾಸ್ತ್ರದ ಆಸಕ್ತಿಗೆ ವಿಷಯವಾಗಿದ್ದಿತು.

ಈ ಎರಡು ಬಗೆಯ ಚರ್ಮಗಳನ್ನು ಗುರುತಿಸುವುದು ವಿನ್ಯಾಸಕನಿಗೆ ಬೇಕು. ತೊಗಟೆಯಿಂದ ಹದಮಾಡಿದ ಚರ್ಮವು ನೀರಿನಲ್ಲಿ ನೆನೆದಾಗ ಮಣಿದು, ಒಣಗಿದಾಗ ಕೊಟ್ಟ ಆಕಾರವನ್ನು ಹಿಡಿದುಕೊಳ್ಳುತ್ತದೆ. ಕೆರವಿನಲ್ಲಿ ಪಾದದ ಅಚ್ಚು ಮೂಡುವುದು ಈ ಗುಣದಿಂದಲೇ. ಕ್ರೋಮ್ ಚರ್ಮವು ಮೃದುವಾಗಿದ್ದು ನೀರಿಗೂ ಶಾಖಕ್ಕೂ ಹೆಚ್ಚು ತಾಳುತ್ತದೆ, ಆದರೆ ಅಚ್ಚನ್ನು ಅಷ್ಟಾಗಿ ಹಿಡಿಯುವುದಿಲ್ಲ. ನೀರಿನಲ್ಲಿಟ್ಟು ಕಾಯಿಸುತ್ತ ಹೋದರೆ ಹಸಿತೊಗಲು ಸುಮಾರು ೬೦ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನಲ್ಲಿ, ತೊಗಟೆಯ ಚರ್ಮವು ಸುಮಾರು ೭೫ರಿಂದ ೮೫ರಲ್ಲಿ, ಕ್ರೋಮ್ ಚರ್ಮವು ೧೦೦ರ ಆಸುಪಾಸಿನಲ್ಲಿ ಮುದುಡುತ್ತದೆ. ಹಳೆಯ, ಜೀರ್ಣವಾದ ಚರ್ಮವು ಇದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಮುದುಡಬಹುದು. ಆದುದರಿಂದ ಹಳೆಯ ತೊಗಲಿಗೆ ಬಿಸಿನೀರನ್ನು ತಾಗಿಸಕೂಡದೆಂಬುದು ಮೊದಲ ನಿಯಮ.

ತೊಗಟೆಯ ಚರ್ಮಕ್ಕೆ ತಗಲುವ ಮುಖ್ಯ ರೋಗವನ್ನು ಕೆಂಪು ಕೊಳೆ ಎನ್ನಬಹುದು. ಗಾಳಿಯಲ್ಲಿರುವ ಗಂಧಕದ ಅನಿಲವನ್ನು ಚರ್ಮವು ಹೀರಿಕೊಂಡಾಗ ಅದರಲ್ಲಿ ಆಮ್ಲವು ಸೇರಿ ನಾರುಗಳು ತುಂಡಾಗುತ್ತವೆ. ಮೇಲ್ಮೈ ಕೆಂಪುಬಣ್ಣದ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ತಂಗಡಿಯ ತೊಗಟೆಯಂತಹವುಗಳಿಂದ ಹದಮಾಡಿದ ಚರ್ಮಕ್ಕೆ ಈ ರೋಗ ಬೇಗ ತಗಲುತ್ತದೆ. ಅಳಲೆಕಾಯಿಯ ಒಗರು ಇದನ್ನು ಹೆಚ್ಚು ತಡೆಯುತ್ತದೆ. ಒಮ್ಮೆ ತುಂಡಾದ ನಾರುಗಳು ಮತ್ತೆ ಕೂಡುವುದಿಲ್ಲ. ತೊಗಲಿನ ನೆನಪೂ ಹೀಗೆ ನಶಿಸುವಂಥದೇ ಎಂಬುದನ್ನು ವಿದ್ಯಾರ್ಥಿಯು ಮರೆಯಬಾರದು.

೪. ನೆನಪು ಯಾರದು?

ಇಲ್ಲಿಯವರೆಗೆ ನಾವು ಬಳಸಿದವರ ನೆನಪನ್ನು ಕುರಿತು ಹೇಳಿದೆವು. ಆದರೆ ತೊಗಲಿನ ವಸ್ತುವಿನಲ್ಲಿ ಇನ್ನೊಬ್ಬರ ಕೈಯ ಗುರುತೂ ಇದೆ. ಹೊಲಿಗೆಯ ಅಂತರ, ಉಳಿಯ ತೂತು, ರಂಪಿಗೆಯಿಂದ ಅಂಚನ್ನು ಹೆರೆದ ಓರೆ, ಇವೆಲ್ಲ ಮಾಡಿದವನ ಗುರುತುಗಳು. ಮನೆಯವರು ಬಳಸಿದವನ ಹೆಸರನ್ನು ಹೇಳಬಲ್ಲರು. ಮಾಡಿದವನ ಹೆಸರನ್ನು ಬಹುಮಟ್ಟಿಗೆ ಹೇಳಲಾರರು. ಈ ವ್ಯತ್ಯಾಸವು ಆಕಸ್ಮಿಕವಲ್ಲ.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಹದಮಾಡುವ ಕೆಲಸ ಡೋಹರರದು, ಕೆರವು ಹೊಲಿಯುವುದು ಸಮಗಾರರದು, ಮಿಣಿ ಬಾರುಗಳನ್ನು ಮಾಡುವುದೂ ಹಲಗೆ ಬಾರಿಸುವುದೂ ಮಾದರರದು ಎಂದು ಹಂಚಿಕೆಯಿದ್ದಿತು. ಇವರು ರೈತನಿಗೆ ವರ್ಷವಿಡೀ ತೊಗಲಿನ ಸಾಮಾನುಗಳನ್ನು ಒದಗಿಸಿ ದುರಸ್ತಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಆಯವನ್ನು ಪಡೆಯುತ್ತಿದ್ದರು. ಸತ್ತ ದನವನ್ನು ಹೊತ್ತೊಯ್ಯುವುದು ಅವರ ಮೇಲಿದ್ದ ಹೊರೆ. ಅದರ ತೊಗಲು ಅವರಿಗೆ ಸಲ್ಲುವ ಪಾಲು. ಊರಿನ ಬೇಸಾಯವೆಲ್ಲ ಯಾವ ಕೈಗಳ ಮೇಲೆ ನಿಂತಿದ್ದಿತೋ ಆ ಕೈಗಳನ್ನು ಊರು ಮುಟ್ಟುತ್ತಿರಲಿಲ್ಲ. ಅವರು ಹೊಲಿದ ಮೊಟ್ಟೆಯು ಬಾವಿಯ ನೀರಿಗೆ ಇಳಿಯಬಹುದಾಗಿತ್ತು, ಅವರು ಇಳಿಯುವಂತಿರಲಿಲ್ಲ.

ಈ ವಿರೋಧವನ್ನು ಕನ್ನಡ ನಾಡು ಹಿಂದೆಯೇ ಕಂಡುಕೊಂಡಿದ್ದಿತು. ೧೨ನೆಯ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಎಂಬ ಮೂರು ಹೆಸರುಗಳು ಮೇಲೆ ಹೇಳಿದ ಮೂರು ಕಸುಬಿನ ಕುಲಗಳನ್ನೂ ನೆನಪಿಸುತ್ತವೆ. ಚೆನ್ನಯ್ಯನದೆಂದು ಪ್ರಸಿದ್ಧವಾದ ವಚನಗಳ ಅಂಕಿತದಲ್ಲಿಯೇ ತೊಗಲುಗೆಲಸದ ಉಪಕರಣಗಳ ಹೆಸರುಗಳಿವೆ. ಹರಳಯ್ಯನ ಕಥೆಯಂತೂ ನಮ್ಮ ವಿಷಯದ ಹೃದಯವನ್ನೇ ಮುಟ್ಟುತ್ತದೆ. ಬಸವಣ್ಣನವರು ತನಗೆ ಸಲ್ಲಿಸಿದ ಗೌರವದ ಋಣವನ್ನು ತೀರಿಸಲೆಂದು ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದರೆಂದೂ, ಬಸವಣ್ಣನವರು ಅವುಗಳನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತರೆಂದೂ ಸಂಪ್ರದಾಯವು ಹೇಳುತ್ತದೆ. ಕಥೆಯ ಐತಿಹಾಸಿಕತೆ ಏನೇ ಇರಲಿ, ಅದರ ತಿಳಿವು ಸ್ಪಷ್ಟವಾಗಿದೆ: ಆ ಪಾದರಕ್ಷೆಗಳಲ್ಲಿ ಮಾಡಿದವನ ಮೈಯೇ ಇದ್ದುದರಿಂದ ಅವು ಬಳಕೆಯ ವಸ್ತುಗಳಾಗಿ ಉಳಿಯಲಿಲ್ಲ. ಮಾಡಿದವನನ್ನು ಕಂಡ ಕಣ್ಣಿಗೆ ವಸ್ತುವಿನ ಸ್ಥಾನವೇ ಬದಲಾಯಿತು.

ಹೀಗಿದ್ದರೂ ಕಸುಬಿನ ಅವಮಾನ ನಿಲ್ಲಲಿಲ್ಲ. ಧಾರವಾಡ ಜಿಲ್ಲೆಯೂ ಸೇರಿದ್ದ ಅಂದಿನ ಮುಂಬಯಿ ಇಲಾಖೆಯ ಮಹಾಡದಲ್ಲಿ ೧೯೨೭ರಲ್ಲಿ ಡಾ. ಅಂಬೇಡಕರರು ನಡೆಯಿಸಿದ ಚಳವಳಿಯು ಕೆರೆಯ ನೀರಿನ ಹಕ್ಕಿನ ಜೊತೆಗೆ ಸತ್ತ ದನವನ್ನು ಹೊರುವ ಕೆಲಸವನ್ನು ಬಿಡಬೇಕೆಂಬ ಕರೆಯನ್ನೂ ಹೊತ್ತಿದ್ದಿತು. ಕರ್ನಾಟಕದಲ್ಲಿಯೂ ೧೯೭೦ರ ದಶಕದಿಂದ ಬೆಳೆದ ದಲಿತ ಚಳವಳಿಯ ಪ್ರಭಾವದಿಂದ ಅನೇಕರು ಈ ಬಿಟ್ಟಿ ಕೆಲಸಗಳಿಂದ ಹೊರಬಂದರು. ಹೀಗಾಗಿ ತೊಗಲಿನ ಕಸುಬು ಕ್ಷೀಣಿಸಿದುದನ್ನು ಕೇವಲ ನಷ್ಟವೆಂದು ಹೇಳುವುದು ತಪ್ಪಾಗುತ್ತದೆ. ರೈತನ ಮೊಮ್ಮಗನಿಗೆ ಹಳೆಯ ಮಿಣಿಯು ಅಜ್ಜನ ಹೊಲದ ನೆನಪು. ಅದನ್ನು ಹೊಸೆದವನ ಮೊಮ್ಮಗಳಿಗೆ ಅದು ಅಜ್ಜನ ಕುಶಲತೆಯ ನೆನಪೂ ಹೌದು, ಅವನು ಅಂಗಳದ ಹೊರಗೆ ನಿಂತ ನೆನಪೂ ಹೌದು. ಒಂದೇ ವಸ್ತುವಿನಲ್ಲಿ ಒಬ್ಬರಿಗೆ ಕಳೆದುಹೋದುದು, ಇನ್ನೊಬ್ಬರಿಗೆ ಬಿಡುಗಡೆಯಾದುದು ಕೂಡಿ ಇರಬಲ್ಲುವು. ವಿನ್ಯಾಸವು ಇವೆರಡನ್ನೂ ಹೇಳಬೇಕು.

೫. ಎರಡು ನಿದರ್ಶನಗಳು

ಹಳೆಯದನ್ನು ಹೊಲಿದು ನೆನಪನ್ನು ಉಳಿಸುವ ಕ್ರಮಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಮನೆಗಳಲ್ಲಿರುವ ಕೌದಿಯೇ ಇದಕ್ಕೆ ಮಾದರಿ. ಅಜ್ಜಿಯ ಸೀರೆ, ತಂದೆಯ ಧೋತರ, ಮಗುವಿನ ಅಂಗಿ ಇವುಗಳ ತುಂಡುಗಳು ಪದರುಪದರಾಗಿ ಕೂಡಿ, ಉದ್ದಕ್ಕೂ ಹಾಯ್ದ ಕೈಹೊಲಿಗೆಯಿಂದ ಒಂದಾಗುತ್ತವೆ. ಕೌದಿಯಲ್ಲಿ ಮೂರು ಪಾಠಗಳಿವೆ. ಹಳೆಯ ಬಟ್ಟೆಯ ಬಣ್ಣವನ್ನು ಅಲ್ಲಿ ಮರೆಮಾಚುವುದಿಲ್ಲ. ಜೀರ್ಣವಾದ ತುಂಡನ್ನು ಒಂಟಿಯಾಗಿ ಬಿಡದೆ ಪದರಿನ ಆಸರೆಯಲ್ಲಿಡುತ್ತಾರೆ. ಸಿದ್ಧವಾದ ವಸ್ತುವನ್ನು ಗೋಡೆಗೆ ತೂಗುಹಾಕದೆ ಹೊದೆಯುತ್ತಾರೆ.

ಎರಡನೆಯ ನಿದರ್ಶನವು ಕೊಲಂಬಿಯ ದೇಶದ್ದು. ಅಲ್ಲಿಯ ಕಲಾವಿದೆ ಡೋರಿಸ್ ಸಾಲ್ಸೆದೊ ಅವರು ೧೯೯೦ರ ದಶಕದಲ್ಲಿ ರಚಿಸಿದ ‘ಅತ್ರಬಿಲಿಯಾರಿಯೋಸ್’ ಎಂಬ ಕೃತಿಸರಣಿಯಲ್ಲಿ, ಹಿಂಸೆಗೆ ಸಿಕ್ಕಿ ಕಾಣೆಯಾದ ಹೆಂಗಸರ ಪಾದರಕ್ಷೆಗಳನ್ನು ಗೋಡೆಯ ಗೂಡುಗಳಲ್ಲಿಟ್ಟು, ಮುಂದೆ ಪ್ರಾಣಿಯ ತೆಳುಪೊರೆಯನ್ನು ಬಿಗಿದು, ವೈದ್ಯರು ಗಾಯ ಹೊಲಿಯುವ ದಾರದಿಂದ ಹೊಲಿದಿದ್ದಾರೆ. ಪೊರೆಯ ಹಿಂದೆ ಕೆರವು ಮಸುಕಾಗಿ ಕಾಣುತ್ತದೆ, ಕೈಗೆ ಸಿಕ್ಕುವುದಿಲ್ಲ. ಕೌದಿಯು ನೆನಪನ್ನು ಮೈಗೆ ಹತ್ತಿರ ತರುತ್ತದೆ. ಈ ಕೃತಿಯು ಅಗಲಿಕೆಯ ದೂರವನ್ನು ದೂರವಾಗಿಯೇ ಉಳಿಸುತ್ತದೆ. ವಿನ್ಯಾಸಕನು ತನ್ನ ಮುಂದಿರುವ ವಸ್ತು ಈ ಎರಡರಲ್ಲಿ ಯಾವುದನ್ನು ಬೇಡುತ್ತದೆಂದು ಮೊದಲು ವಿಚಾರಿಸಬೇಕು.

೬. ವಿನ್ಯಾಸದ ಕ್ರಮ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ದೊರೆಯುತ್ತವೆ. ಕತ್ತರಿಸುವ ಮೊದಲು ವಸ್ತುವಿನ ಚಿತ್ರವನ್ನು ತೆಗೆದು, ಅದು ಏನು, ಎಲ್ಲಿಯದು, ಯಾರು ಬಳಸಿದರು, ಯಾರು ಮಾಡಿದರು ಎಂಬುದನ್ನು ಬರೆದಿಡಬೇಕು. ಅನಂತರ ಒಂದು ಮೂಲೆಯನ್ನು ಮೆಲ್ಲಗೆ ಮಣಿಸಿ ಪರೀಕ್ಷಿಸಬೇಕು. ಬಿರುಕು ಬಿಟ್ಟರೆ ಅಥವಾ ಕೆಂಪುಪುಡಿ ಉದುರಿದರೆ ಅದನ್ನು ಹೊಲಿಯಲು ಹೋಗದೆ ಇಡಿಯಾಗಿ ಕಾಪಾಡುವುದೇ ಲೇಸು. ಗಟ್ಟಿಯಾಗಿದ್ದರೆ ಮೆತ್ತನೆಯ ಒಣಕುಂಚದಿಂದ ಧೂಳನ್ನು ತೆಗೆದು, ಬೇಕಾದಲ್ಲಿ ಮಾತ್ರ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಬೇಕು. ಎಣ್ಣೆಯನ್ನು ಮಿತಿಯಾಗಿ ಸವರಬೇಕು. ಹೆಚ್ಚಾದರೆ ಬಣ್ಣ ಕಪ್ಪಾಗಿ ಗುರುತುಗಳು ಮಾಯವಾಗುತ್ತವೆ.

ರಚನೆಯ ಮುಖ್ಯ ಸೂತ್ರವಿದು: ಭಾರವನ್ನು ಹೊಸ ಚರ್ಮವು ಹೊರಲಿ, ನೆನಪನ್ನು ಹಳೆಯದು ಹೊರಲಿ. ಚೀಲದ ಹಿಡಿ, ತಳ, ಬಕಲು ಕೂಡುವ ಜಾಗ ಇವುಗಳಿಗೆ ಹೊಸ ಚರ್ಮವನ್ನಿಟ್ಟು, ಹಳೆಯ ತುಂಡನ್ನು ಎಳೆತ ಬೀಳದ ಮುಖಭಾಗದಲ್ಲಿ ಆಸರೆಯ ಪದರಿನ ಮೇಲೆ ಕೂಡಿಸಬೇಕು. ಅಂಟಿಗಿಂತ ಹೊಲಿಗೆ ಮೇಲು. ಹೊಲಿಗೆಯನ್ನು ಮುಂದೆ ಬಿಚ್ಚಬಹುದು, ಅಂಟನ್ನು ಬಿಡಿಸಲಾಗದು. ಹಳೆಯ ತೂತುಗಳು ಗಟ್ಟಿಯಾಗಿದ್ದರೆ ಹೊಸ ದಾರವನ್ನು ಅವುಗಳಲ್ಲಿಯೇ ಹಾಯಿಸುವುದರಿಂದ ಮೊದಲು ಮಾಡಿದವನ ಹೊಲಿಗೆಯ ಅಳತೆಯು ಉಳಿಯುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಎಸೆಯದೆ ವಸ್ತುವನ್ನು ಕೊಟ್ಟ ಮನೆಗೆ ಹಿಂದಿರುಗಿಸಬೇಕು.

ಈ ನಿಯಮಗಳನ್ನು ಮೂರು ವಸ್ತುಗಳಿಗೆ ಅನ್ವಯಿಸಿ ನೋಡೋಣ. ಎತ್ತಿನ ಕೊರಳಪಟ್ಟಿಯು ಅಗಲವಾಗಿಯೂ ದಪ್ಪವಾಗಿಯೂ ಇರುವುದರಿಂದ ನಡುಪಟ್ಟಿಗೆ ಅಥವಾ ಹೆಗಲಚೀಲದ ಮುಖಪಟ್ಟಿಗೆ ಒಗ್ಗುತ್ತದೆ. ಸಾಮಾನ್ಯ ವಿನ್ಯಾಸಕನು ಗೆಜ್ಜೆ ಬಿದ್ದುಹೋದ ತೂತುಗಳನ್ನು ಮುಚ್ಚಿ ಮೇಲ್ಮೈಗೆ ಬಣ್ಣ ಹಚ್ಚಿಯಾನು. ಅಗಲಿಕೆಯನ್ನು ಹೇಳಬೇಕಾದರೆ ಆ ತೂತುಗಳನ್ನು ಹಾಗೆಯೇ ಬಿಡುವುದು ಯುಕ್ತ. ಬೆವರಿನಿಂದ ಕಪ್ಪಾದ ಒಳಮೈಯನ್ನು ಹೊರಗೆ ತಿರುಗಿಸುವುದು ಇನ್ನೂ ಯುಕ್ತ. ಸದ್ದಿಲ್ಲದ ಗೆಜ್ಜೆಪಟ್ಟಿಯು ಎತ್ತಿಲ್ಲದ ಕೊಟ್ಟಿಗೆಯನ್ನು ಬೇರೆ ಅಲಂಕಾರದ ನೆರವಿಲ್ಲದೆ ಹೇಳಬಲ್ಲುದು.

ಎರಡನೆಯದು ತೀರಿಹೋದವರ ಕೆರವು. ಇಲ್ಲಿ ವಿನ್ಯಾಸಕನು ನಮ್ಮ ಜನರ ಭಾವನೆಯನ್ನು ಅರಿತು ನಡೆಯಬೇಕು. ಕೆರವಿನ ತೊಗಲಿನಿಂದ ಹಣದ ಚೀಲವನ್ನು ಮಾಡಿಕೊಟ್ಟರೆ ಅದನ್ನು ಹಿಡಿಯಲು ನಮ್ಮ ಮನೆಗಳಲ್ಲಿ ಅಂಜುವವರೇ ಹೆಚ್ಚು. ಲಕ್ಷ್ಮಿಯನ್ನು ಕಾಲಿನ ವಸ್ತುವಿನಲ್ಲಿ ಇಡುವುದೆಂತು? ಉತ್ತರಕ್ರಿಯೆಯಲ್ಲಿ ಕೊಡೆಯೊಡನೆ ಪಾದರಕ್ಷೆಯನ್ನು ದಾನಮಾಡುವ ವಾಡಿಕೆಯೂ ಉಂಟು, ಅದು ಅಗಲಿದವನ ದಾರಿಗೆಂದು. ಇನ್ನೊಂದು ಕಡೆ ರಾಮನಿಲ್ಲದಾಗ ಸಿಂಹಾಸನವೇರಿದುದು ಪಾದುಕೆಯೇ. ನಮ್ಮ ಮಠಗಳಲ್ಲಿ ಗುರುವಿನ ಹಾವುಗೆಗಳಿಗೆ ಪೂಜೆ ಸಲ್ಲುತ್ತದೆ. ಇದ್ದಾಗ ಹೊಸ್ತಿಲ ಹೊರಗಿನ ವಸ್ತು, ಇಲ್ಲವಾದಾಗ ತಲೆಯ ಮೇಲಿನ ವಸ್ತು. ಆದರೆ ಪೂಜೆಗೊಳ್ಳುವ ಹಾವುಗೆ ಮರದ್ದು, ತೊಗಲಿನದಲ್ಲ ಎಂಬ ಭೇದವನ್ನೂ ಗಮನಿಸಬೇಕು. ಆದುದರಿಂದ ಕೆರವನ್ನು ಕೆರವಾಗಿಯೇ ಮುಂದುವರಿಸುವುದು ಸರಿಯಾದ ಮಾರ್ಗವೆಂದು ತೋರುತ್ತದೆ: ಬೆರಳ ಗುಳಿಗಳಿರುವ ಹಳೆಯ ಅಟ್ಟೆಯನ್ನು ಕತ್ತರಿಸದೆ ಒಂದು ಚರ್ಮದ ಒರೆಯಲ್ಲಿಡುವುದು; ಗಟ್ಟಿಯಾಗಿರುವ ಅಡ್ಡಪಟ್ಟಿಯನ್ನು ಮಾತ್ರ ಮಗನ ಅಥವಾ ಮಗಳ ಹೊಸ ಕೆರವಿಗೆ ಕೂಡಿಸುವುದು. ಆಗ ಹಳೆಯದು ಮತ್ತೆ ನಡೆಯುತ್ತದೆ.

ಮೂರನೆಯದು ಹಲಗೆಯ ತೊಗಲು. ಇದು ಹದಮಾಡದ ತೊಗಲು. ಕಾಯಿಸಿದರೆ ಬಿಗಿಯುತ್ತದೆ, ನೆನೆದರೆ ಸಡಿಲುತ್ತದೆ. ಚರ್ಮದಂತೆ ಮಡಿಸಿ ಹೊಲಿಯಲು ಒಗ್ಗುವುದಿಲ್ಲ. ಬೆಳಕಿಗೆ ಹಿಡಿದರೆ ತೊಗಲುಗೊಂಬೆಯಂತೆ ಅರೆಪಾರದರ್ಶಕವಾಗಿ ಕಾಣುವುದರಿಂದ ಇದನ್ನು ಏನನ್ನಾದರೂ ಮಾಡಬೇಕೆಂಬ ಆಸೆ ವಿನ್ಯಾಸಕನಿಗೆ ಸಹಜ. ಆದರೆ ಹಲಗೆಯು ಪರರ ಮನೆಯ ಸಾವಿಗೆ ಕೇಳದೆಯೇ ಹೋಗಿ ಬಾರಿಸಬೇಕಾಗಿದ್ದ ಕಟ್ಟುಪಾಡಿನ ಗುರುತು. ಅದನ್ನು ಹೂಳಿ ಬಿಡುವ ಹಕ್ಕು ಬಾರಿಸಿದವರಿಗಿದೆ. ಇಂದು ಅದೇ ಹಲಗೆ ವೇದಿಕೆಯ ಮೇಲೆ ಹೆಮ್ಮೆಯ ಕಲೆಯೂ ಆಗಿದೆ; ಅದನ್ನು ಉಳಿಸಿಕೊಳ್ಳುವ ಹಕ್ಕೂ ಅವರದೇ. ಇಂತಹ ತೊಗಲಿಗೆ ರೂಪ ಕೊಡುವ ನಿರ್ಧಾರವು ಬಾರಿಸಿದವರ ಮನೆತನದಿಂದ ಬಂದಲ್ಲದೆ ವಿನ್ಯಾಸಕನು ರಂಪಿಗೆಯನ್ನು ಎತ್ತಬಾರದು. ಎಲ್ಲ ನೆನಪೂ ಚೀಲವಾಗಬೇಕಾಗಿಲ್ಲ.

೭. ಹೆಸರು ಮತ್ತು ಬೆಲೆ

ಪುನರ್ವಿನಿಯೋಗದ ವಸ್ತುವು ಮಾರಾಟಕ್ಕೂ ಬರುವುದುಂಟು. ಆಗ ಹೆಸರು ಮತ್ತು ಬೆಲೆಯ ಪ್ರಶ್ನೆ ಏಳುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ೧೯೭೬ರಲ್ಲಿ ಸ್ಥಾಪಿತವಾದ, ಲಿಡ್ಕರ್ ಎಂದು ಪ್ರಸಿದ್ಧವಾದ ನಮ್ಮ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವು ಆ ನೋಂದಣಿಯಲ್ಲಿ ಮಹಾರಾಷ್ಟ್ರದ ನಿಗಮದೊಡನೆ ಪಾಲುದಾರ. ಗದಗ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಆದುದರಿಂದ ಈ ಮೂರು ತಾಲೂಕುಗಳಲ್ಲಿ ಮಾಡಿದ ವಸ್ತುವನ್ನು ಆ ಹೆಸರಿನಿಂದ ಮಾರುವಂತಿಲ್ಲ. ಅದು ತನ್ನ ಹೆಸರಿನಿಂದಲೇ ನಿಲ್ಲಬೇಕು.

೨೦೨೫ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ಆಕ್ಷೇಪಗಳು ಬಂದ ಬಳಿಕ ಅವು ಭಾರತದ ಕುಶಲಕರ್ಮಿಗಳ ಕೃತಿಯಿಂದ ಪ್ರೇರಿತವೆಂದು ಒಪ್ಪಿಕೊಂಡಿತು. ದೂರದ ಸಂಸ್ಥೆಯನ್ನು ಆಕ್ಷೇಪಿಸುವುದು ಸುಲಭ. ಅಜ್ಜನ ಮನೆಯ ಮಿಣಿಯಿಂದ ಚೀಲ ಮಾಡಿ, ‘ನಮ್ಮ ಮನೆತನದ ನೆನಪು’ ಎಂದು ಚೀಟಿ ಅಂಟಿಸಿ, ಅದನ್ನು ಹೊಸೆದವನ ಹೆಸರನ್ನು ಬಿ���್ಟುಬಿಡುವ ನಾವು ಮಾಡುವುದೂ ಅದನ್ನೇ ಅಲ್ಲವೆ? ಹೆಸರು ತಿಳಿದಿದ್ದರೆ ಹೆಸರನ್ನು, ತಿಳಿಯದಿದ್ದರೆ ಊರನ್ನೂ ಕಸುಬನ್ನೂ ವಸ್ತುವಿನ ಒಳಮೈಯಲ್ಲಿ ಒತ್ತಿ ಬರೆಯುವುದು ವಿನ್ಯಾಸದ ಅಂಗವೇ ಆಗಬೇಕು. ಹೊಸ ಹೊಲಿಗೆಯನ್ನು ಹಾಕುವ ಇಂದಿನ ಸಮಗಾರನಿಗೆ ದಿನಗೂಲಿಯನ್ನಷ್ಟೇ ಕೊಡದೆ ಮಾರಿದ ಬೆಲೆಯಲ್ಲಿ ಗೊತ್ತಾದ ಪಾಲನ್ನು ಕೊಡುವುದು ನ್ಯಾಯ. ಆಯವು ಅನುಗ್ರಹದ ಹೆಸರಿನಲ್ಲಿ ಬರುತ್ತಿತ್ತು. ಪಾಲು ಹಕ್ಕಾಗಿ ಬರಬೇಕು.

೮. ಉಪಸಂಹಾರ

ಕಾಲೇಜುಗಳ ಅಧ್ಯಾಪಕರು ಈ ವಿಷಯವನ್ನು ಪಾಠಕ್ಕೆ ತರುವುದು ಕಷ್ಟವಲ್ಲ. ವಿದ್ಯಾರ್ಥಿಯೊಬ್ಬನು ತನ್ನ ಊರಿನ ಒಂದೇ ಒಂದು ತೊಗಲಿನ ವಸ್ತುವನ್ನು ಆರಿಸಿಕೊಂಡು, ಅದರ ಅಳತೆ, ಹೊಲಿಗೆ, ಹದ, ಸವಕಲು ಇವುಗಳನ್ನು ಬರೆದು, ಅನಂತರ ಎರಡು ಮನೆಗಳಿಗೆ ಹೋಗಲಿ: ಒಂದು ಬಳಸಿದವರ ಮನೆ, ಇನ್ನೊಂದು ಮಾಡಿದವರ ಮನೆ. ಎರಡು ಮನೆಗಳಲ್ಲಿಯೂ ಒಂದೇ ಪ್ರಶ್ನೆಯನ್ನು ಕೇಳಲಿ: ಇದನ್ನು ಕಂಡರೆ ಏನು ನೆನಪಾಗುತ್ತದೆ? ದೊರೆತ ಎರಡು ಉತ್ತರಗಳೂ ಹಿಡಿಸುವಂತಹ ವಸ್ತುವನ್ನು ರಚಿಸುವುದು ಅವನ ವಿನ್ಯಾಸದ ಸಮಸ್ಯೆಯಾಗಲಿ. ರಸಾಯನ, ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಈ ನಾಲ್ಕೂ ವಿಷಯಗಳ ವಿದ್ಯಾರ್ಥಿಗಳು ಕೂಡಿ ಮಾಡಬಹುದಾದ ಕೆಲಸವಿದು.

ಇದನ್ನು ತಡಮಾಡಲು ಅವಕಾಶವಿಲ್ಲ. ಮೊಟ್ಟೆಯನ್ನು ಹೊಲಿಯಬಲ್ಲ, ಮಿಣಿಯನ್ನು ಹೊಸೆಯಬಲ್ಲ ಕೈಗಳು ಮುಪ್ಪಾಗಿವೆ, ವಸ್ತುಗಳು ಪುಡಿಯಾಗುತ್ತಿವೆ, ಹೆಸರುಗಳನ್ನು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಾಳೆ ತೊಗಲಿನ ತುಂಡು ಸಿಕ್ಕೀತು, ಅದರ ಮಾತು ಸಿಕ್ಕಲಾರದು. ಮಾತು ಕಳೆದ ತೊಗಲಿನಿಂದ ಚೆಲುವಾದ ಚೀಲವನ್ನು ಮಾಡಬಹುದು. ನೆನಪಿನ ವಸ್ತುವನ್ನು ಮಾಡಲಾಗದು. ಈ ಮೂರು ತಾಲೂಕುಗಳ ವಿದ್ಯಾರ್ಥಿಗಳು ತಮ್ಮ ಊರುಗಳಿಂದಲೇ ಈ ಕೆಲಸವನ್ನು ಆರಂಭಿಸಿ, ಬಳಸಿದವರ ಹೆಸರಿನ ಪಕ್ಕದಲ್ಲಿ ಮಾಡಿದವರ ಹೆಸರನ್ನೂ ಬರೆದಿಟ್ಟರೆ ಅದೇ ಈ ವಿನ್ಯಾಸದ ಮೊದಲ ಹೊಲಿಗೆಯಾಗುವುದು.